ತಲೆದಿಂಬಿನ ದಾನವೂ ಪಾಲನೆಯೂ

ಮಾನವನ ಆಯುಷ್ಯದಲ್ಲಿ ಹೆಚ್ಚು ಕಡಿಮೆ ಮೂರನೆಯ ಒಂದು ಭಾಗವು ನಿದ್ರೆಯಲ್ಲಿ ಕಳೆಯುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಅಷ್ಟು ದೀರ್ಘಕಾಲ ಉತ್ತಮಾಂಗವೆನಿಸಿದ ಶಿರಸ್ಸನ್ನು ಹೊತ್ತು ಮೌನವಾಗಿ ಸೇವೆಗೈಯುವ ವಸ್ತು ತಲೆದಿಂಬು. ಅನ್ನದ ಶುದ್ಧಿಯನ್ನು ಕುರಿತು ಹೇಳುವವರಿದ್ದಾರೆ, ನೀರಿನ ಶುದ್ಧಿಯನ್ನು ಕುರಿತು ಬರೆಯುವವರಿದ್ದಾರೆ. ದಿಂಬಿನ ಶುದ್ಧಿಯನ್ನು ಕುರಿತು ಆಡುವ ಮಾತು ಮಾತ್ರ ವಿರಳ. ಕಾವ್ಯಗಳಲ್ಲಿ ಹಂಸತೂಲಿಕಾತಲ್ಪದ ವರ್ಣನೆ ಮೇಲಿಂದ ಮೇಲೆ ಬರುತ್ತದೆ. ಆ ತಲ್ಪದ ಮೇಲೆ ಪವಡಿಸಿದ ಅರಸರ ಹೆಸರುಗಳು ಓದುಗರಿಗೆ ತಿಳಿದಿವೆ. ಅದರ ಮೇಲುಹಾಸನ್ನು ಒಗೆದು, ಒಣಗಿಸಿ, ಮರುದಿನದ ರಾತ್ರಿಗೆ ಅಣಿಮಾಡಿದವರ ಕಡೆಗೆ ಕವಿಗಳ ದೃಷ್ಟಿ ಅಷ್ಟಾಗಿ ಹರಿದಂತಿಲ್ಲ.

ಪದಗಳನ್ನು ಪರಿಶೀಲಿಸಿದರೂ ವಸ್ತುವಿನ ಗೌರವ ವ್ಯಕ್ತವಾಗುತ್ತದೆ. ಅಮರಕೋಶವು ಇದಕ್ಕೆ ಉಪಧಾನ, ಉಪಬರ್ಹ ಎಂಬ ಹೆಸರುಗಳನ್ನು ಕೊಟ್ಟಿದೆ. ಕನ್ನಡದಲ್ಲಿ ತಲೆದಿಂಬು ಎಂಬಂತೆ ತಲೆಗಿಂಬು ಎಂಬ ಮಾತೂ ಉಂಟು. ಇಂಬು ಎಂದರೆ ಎಡೆ, ಆಸರೆ, ಹಿತ. ತಲೆಗೆ ಆಸರೆಯೂ ಹಿತವೂ ಆಗುವುದು ತಲೆಗಿಂಬು. ಇನ್ನು ಬೆಲೆಯುಳ್ಳ ವಸ್ತುವಿಗೆ ಹೊದಿಸುವ ಮುಸುಕಿಗೆ ಗವಸಣಿಗೆ ಎಂದು ಹಳೆಯ ಹೆಸರು. ಅದೇ ಇಂದಿನ ಗವುಸು. ಕಾಪಾಡಬೇಕಾದುದು ಒಳಗೆ, ಕೊಳೆಯಾಗಬೇಕಾದುದು ಹೊರಗೆ ಎಂಬ ತತ್ತ್ವ ಈ ಒಂದು ಪದದಲ್ಲಿಯೇ ಅಡಗಿದೆ. ದಿಂಬು ಬಾಳುವುದೂ ಹಾಳಾಗುವುದೂ ಈ ತತ್ತ್ವವನ್ನು ಪಾಲಿಸುವುದರ ಮೇಲೆ, ಮರೆಯುವುದರ ಮೇಲೆ ನಿಂತಿದೆ.

ಮನೆಯಲ್ಲಿ ದಿಂಬಿಗೆ ಒಡೆಯರಿದ್ದಾರೆ. ಇದು ಅಜ್ಜನದು, ಇದು ತಂಗಿಯದು ಎಂಬ ಗುರುತಿದೆ. ಕೊಳೆಯಾದರೆ ಗದರುವ ತಾಯಿಯಿದ್ದಾಳೆ. ಉಚಿತ ವಿದ್ಯಾರ್ಥಿನಿಲಯಗಳಲ್ಲಿ ಈ ಅನುಕೂಲವಿಲ್ಲ. ಅಲ್ಲಿ ದಿಂಬು ಎಲ್ಲರದೂ ಹೌದು, ಆದುದರಿಂದಲೇ ಯಾರದೂ ಅಲ್ಲ. ಜಯಂತಿ, ಪುಣ್ಯತಿಥಿ, ಮದುವೆ, ಷಷ್ಟಿಪೂರ್ತಿಗಳ ನಿಮಿತ್ತವಾಗಿ ದಾನಿಗಳು ನೂರು ಹಾಸಿಗೆ, ನೂರು ದಿಂಬುಗಳನ್ನು ಅರ್ಪಿಸುವುದು ನಾಡಿನ ಅನೇಕ ಕಡೆಗಳಲ್ಲಿ ನಡೆದುಬಂದಿರುವ ಸತ್ಸಂಪ್ರದಾಯ. ಗವುಸಿನ ಮೂಲೆಯಲ್ಲಿ ದಾನಿಯ ಹೆಸರನ್ನು ಅಚ್ಚೊತ್ತಿಸುವುದೂ ಉಂಟು. ಮೊದಲ ವರ್ಷ ಆ ಹೆಸರು ಸ್ಪಷ್ಟವಾಗಿ ಓದಲು ಬರುತ್ತದೆ. ಎರಡನೆಯ ವರ್ಷ ಅದರ ಮೇಲೆ ಎಣ್ಣೆಯ ಕಂದು ಬಳೆ ಮೂಡುತ್ತದೆ. ನಾಲ್ಕನೆಯ ವರ್ಷ ಗವುಸು ಹರಿದು, ಹತ್ತಿ ಗಂಟುಗಟ್ಟಿ, ಗಟ್ಟಿಯಾದ ಆ ಮುದ್ದೆಯ ಮೇಲೆ ಹಳ್ಳಿಯಿಂದ ಹೊಸದಾಗಿ ಬಂದ ಹತ್ತು ವರ್ಷದ ಹುಡುಗನೊಬ್ಬ ತಲೆಯಿಡುತ್ತಾನೆ. ಹೆಸರೂ ಉಳಿಯಲಿಲ್ಲ, ಹಿತವೂ ಉಳಿಯಲಿಲ್ಲ. ದಾನದಲ್ಲಿ ದೋಷವಿಲ್ಲ, ದಾನದ ನಂತರ ಬರಬೇಕಾದ ಪಾಲನೆಗೆ ಯಾವ ಲೆಕ್ಕದ ಪುಸ್ತಕದಲ್ಲಿಯೂ ಸ್ಥಾನವಿಲ್ಲದಿರುವುದೇ ದೋಷ. ಕೊಟ್ಟ ದಿಂಬನ್ನು ಕಾಪಾಡುವುದು ಕೊಡುವುದಕ್ಕಿಂತ ಕಡಿಮೆಯ ಧರ್ಮವಲ್ಲ.

ಇದು ಕೇವಲ ಅಂದಚಂದದ ಮಾತಲ್ಲ. ಶಾಲಾವರ್ಷದಲ್ಲಿ 300 ರಾತ್ರಿಗಳು, ರಾತ್ರಿಯೊಂದಕ್ಕೆ 8 ಗಂಟೆಗಳು ಎಂದು ಗಣಿಸಿದರೂ ಬಾಲಕನ ಮುಖವು ವರ್ಷಕ್ಕೆ 2400 ಗಂಟೆಗಳ ಕಾಲ ದಿಂಬಿಗೆ ಅಂಟಿಕೊಂಡಿರುತ್ತದೆ. ಅಷ್ಟು ಹೊತ್ತು ಯಾವ ಪುಸ್ತಕವೂ ಅವನ ಮುಖದ ಸಮೀಪದಲ್ಲಿರುವುದಿಲ್ಲ. ತಲೆಯ ಎಣ್ಣೆ, ಮೈಯ ಬೆವರು, ಬಾಯಿಯ ಜೊಲ್ಲು, ಉದುರಿದ ಚರ್ಮದ ಸೂಕ್ಷ್ಮವಾದ ಹೊಟ್ಟು ಇವೆಲ್ಲವೂ ಗವುಸನ್ನು ದಾಟಿ ಒಳಗೆ ಸೇರುತ್ತವೆ. ಎಣ್ಣೆಯು ಗಾಳಿಯೊಡನೆ ಬೆರೆತು ಕಮಟಾಗುತ್ತದೆ. ತೇವವು ಹತ್ತಿಯಲ್ಲಿ ನಿಂತು ಬೂಷ್ಟಿಗೆ ದಾರಿಮಾಡುತ್ತದೆ. ಚರ್ಮದ ಹೊಟ್ಟನ್ನೇ ಆಹಾರವಾಗಿ ಉಳ್ಳ, ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ಗಾತ್ರದ ಒಂದು ಬಗೆಯ ನುಸಿಯು ಹಾಸಿಗೆ ದಿಂಬುಗಳಲ್ಲಿ ವಾಸಿಸುತ್ತದೆ. ಮನೆಯ ಧೂಳಿನಿಂದ ಕೆಲವರಿಗೆ ಸೀನು, ಉಬ್ಬಸಗಳು ಬರುವುದಕ್ಕೆ ಈ ನುಸಿಯೇ ಕಾರಣವಿರಬೇಕೆಂಬುದನ್ನು ನೆದರ್ಲೆಂಡ್ಸಿನ ಲೈಡನ್ ನಗರದ ಸಂಶೋಧಕರು 1964ರಲ್ಲಿ ಸೂಚಿಸಿದರು; ಮುಂದಿನ ಸಂಶೋಧನೆಗಳು ಅದನ್ನು ದೃಢಪಡಿಸಿದವು. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವಿಜ್ಞಾನಿಗಳು ಒಂದೂವರೆ ವರ್ಷದಿಂದ ಇಪ್ಪತ್ತು ವರ್ಷಗಳವರೆಗೆ ಬಳಕೆಯಲ್ಲಿದ್ದ 10 ದಿಂಬುಗಳನ್ನು ಪರೀಕ್ಷಿಸಿ 2006ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು: ಒಂದೊಂದರಲ್ಲಿಯೂ 4ರಿಂದ 16 ಜಾತಿಯ ಶಿಲೀಂಧ್ರಗಳು ದೊರೆತಿದ್ದವು. ಅವು ಗರಿಯ ಮತ್ತು ಕೃತಕ ನಾರಿನ ದಿಂಬುಗಳು. ಹತ್ತಿಯ ದಿಂಬು ಆ ಪರೀಕ್ಷೆಯಲ್ಲಿ ಇರಲಿಲ್ಲ. ಆದರೂ ತೇವ ಮತ್ತು ಕೊಳೆ ಸೇರಿದಲ್ಲಿ ಇಂತಹ ಜೀವಿಗಳು ಬೆಳೆಯುತ್ತವೆಂಬ ನಿಯಮವು ಎಲ್ಲ ದೇಶಗಳಿಗೂ ಒಂದೇ. ಇದರ ಜೊತೆಗೆ ಹೇನು, ಕಜ್ಜಿಗಳು ಒತ್ತಾಗಿ ಮಲಗುವ ಮಕ್ಕಳಲ್ಲಿ ಒಬ್ಬರಿಂದೊಬ್ಬರಿಗೆ ಹರಡುವುದನ್ನು ನಿಲಯಪಾಲಕರು ಕಾಣದೆ ಇಲ್ಲ. ರಾತ್ರಿ ತುರಿಸಿಕೊಂಡು ನಿದ್ದೆಗೆಟ್ಟವನು ಹಗಲು ತರಗತಿಯಲ್ಲಿ ತೂಕಡಿಸಿದರೆ ಉಪಾಧ್ಯಾಯರು ಅವನನ್ನು ಸೋಮಾರಿಯೆನ್ನುತ್ತಾರೆ. ಅಪರಾಧ ಬಾಲಕನದಲ್ಲ, ದಿಂಬಿನದು. ದಿಂಬಿನದೂ ಅಲ್ಲ, ಅದನ್ನು ಮರೆತವರದು.

ಇಲ್ಲೊಂದು ಆಕ್ಷೇಪ ಬರಬಹುದು. ಪ್ರಾಚೀನ ಗುರುಕುಲಗಳಲ್ಲಿ ಬ್ರಹ್ಮಚಾರಿಗೆ ನೆಲವೇ ಶಯ್ಯೆಯಾಗಿತ್ತು. ವಿದ್ಯಾರ್ಥಿಗೆ ಸುಖವೆಲ್ಲಿಯದು, ದಿಂಬಿನ ಚಿಂತೆ ಏತಕ್ಕೆ ಎಂದು ಕೇಳುವವರುಂಟು. ಸರಳ ಜೀವನವು ಶ್ರೇಷ್ಠವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ನೆಲದ ಮೇಲೆ ಮಲಗುವವರು ಆ ನೆಲವನ್ನು ಗುಡಿಸಿ, ಸಗಣಿ ನೀರಿನಿಂದ ಸಾರಿಸಿ, ಆರಿದ ಮೇಲೆ ಚಾಪೆ ಹಾಸುತ್ತಿದ್ದರು. ಸರಳತೆ ಬೇರೆ, ಮಲಿನತೆ ಬೇರೆ. ಬರಿಯ ನೆಲವು ಸಾರಿಸಿದಷ್ಟು ಸಾರಿ ಹೊಸದಾಗುತ್ತದೆ; ದಿಂಬು ಹಾಗಲ್ಲ, ಅದು ಎಲ್ಲವನ್ನೂ ಒಳಗಿಟ್ಟುಕೊಳ್ಳುವ ಸ್ವಭಾವದ್ದು. ಮಕ್ಕಳಿಗೆ ದಿಂಬನ್ನು ಕೊಡದಿದ್ದರೆ ಅದೊಂದು ನಿಯಮವೆನಿಸೀತು. ಕೊಟ್ಟು, ಅದನ್ನು ಕೊಳೆಯಲು ಬಿಡುವುದು ಯಾವ ನಿಯಮಕ್ಕೂ ಸೇರದು.

ಪಾಲನೆಯ ಮೊದಲ ಮೆಟ್ಟಿಲು ಗವುಸು. ದಿಂಬಿನ ಮೂಲ ಚೀಲದ ಮೇಲೆ, ಲಾಡಿಯಿಂದ ಕಟ್ಟುವ ಒಂದು ಒಳಗವುಸು. ಅದರ ಮೇಲೆ ವಾರವಾರವೂ ತೆಗೆಯುವ ಒಂದು ಮೇಲುಗವುಸು. ಹೀಗೆ ಎರಡು ಪದರಗಳಿದ್ದರೆ ಎಣ್ಣೆ ಬೆವರುಗಳ ಬಹುಭಾಗ ಬಟ್ಟೆಯಲ್ಲಿಯೇ ನಿಲ್ಲುತ್ತದೆ; ಬಟ್ಟೆಯನ್ನು ಒಗೆಯಬಹುದು, ಹತ್ತಿಯನ್ನು ಒಗೆಯಲಾಗದು. ದಿಂಬೊಂದಕ್ಕೆ ಮೂರು ಮೇಲುಗವುಸುಗಳು ಬೇಕು: ಒಂದು ದಿಂಬಿನ ಮೇಲೆ, ಒಂದು ಒಗೆತದಲ್ಲಿ, ಒಂದು ಪೆಟ್ಟಿಗೆಯಲ್ಲಿ. ಒಂದೇ ಗವುಸಿದ್ದರೆ ಅದು ಒಣಗುವವರೆಗೆ ದಿಂಬು ಬರಿಮೈಯಲ್ಲಿರುತ್ತದೆ. ಮಳೆಗಾಲದಲ್ಲಿ ಅರೆ ಒಣಗಿದ ಗವುಸನ್ನೇ ತೊಡಿಸುವ ಪ್ರಸಂಗ ಬರುತ್ತದೆ. ವಾರದ ಎಣ್ಣೆನೀರಿನ ಸ್ನಾನವಾದ ದಿನವೇ ಗವುಸನ್ನು ಬದಲಿಸುವುದು ಯುಕ್ತ. ತೊಯ್ದ ತಲೆಯಲ್ಲಿ ಮಲಗಬಾರದೆಂದು ಹಿರಿಯರು ಹೇಳುವ ಮಾತು ಶೀತದ ಭಯದಿಂದ ಬಂದುದಾದರೂ ದಿಂಬಿನ ಆಯುಷ್ಯಕ್ಕೂ ಅದು ಹಿತವಾದ ಮಾತೇ.

ಗವುಸಿನ ಬಣ್ಣದ ವಿಷಯದಲ್ಲಿ ಒಂದು ವಿಪರೀತ ಬುದ್ಧಿ ಬೆಳೆದುಬಂದಿದೆ. ‘ಕೊಳೆ ಕಾಣದ ಬಣ್ಣ ಕೊಡಿ’ ಎಂದು ಅಂಗಡಿಯಲ್ಲಿ ಕೇಳಿ, ಕಡುಗಂದು, ಕಡುನೀಲಿಗಳನ್ನು ಆರಿಸಿ ತರುವ ವಾಡಿಕೆ ಅನೇಕ ನಿಲಯಗಳಲ್ಲಿದೆ. ಕೊಳೆ ಕಾಣದಿರುವುದಕ್ಕೂ ಕೊಳೆ ಇಲ್ಲದಿರುವುದಕ್ಕೂ ಅಜಗಜಾಂತರವಿದೆ. ಬಿಳಿಯ ಅಥವಾ ತಿಳಿಯಾದ ಬಣ್ಣದ ಗವುಸು ತನ್ನ ಅವಸ್ಥೆಯನ್ನು ತಾನೇ ಸಾರಿ ಹೇಳುತ್ತದೆ. ನಿಲಯಪಾಲಕರು ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸಿದರೆ ಸಾಕು, ಸಾಲಿನಲ್ಲಿ ಯಾವುದು ಬದಲಾಗಬೇಕೆಂಬುದು ತಿಳಿಯುತ್ತದೆ. ಮಲಿನತೆಯನ್ನು ಮುಚ್ಚಿಡುವ ಬಣ್ಣವನ್ನು ವಿದ್ಯಾಸಂಸ್ಥೆಯೊಂದು ಬಯಸುವುದು ಶೋಭೆಯಲ್ಲ.

ಒಗೆಯುವುದರಲ್ಲಿಯೂ ಕ್ರಮವುಂಟು. ಎಣ್ಣೆ ಹಿಡಿದ ಗವುಸನ್ನು ತಣ್ಣೀರಿನಲ್ಲಿ ಅದ್ದಿ ಬಂಡೆಗೆ ಬಡಿದರೆ ಬಟ್ಟೆ ಸವೆಯುತ್ತದೆಯೇ ಹೊರತು ಜಿಡ್ಡು ಬಿಡುವುದಿಲ್ಲ. ಬಿಸಿನೀರಿನಲ್ಲಿ ಸಾಬೂನು ಇಲ್ಲವೆ ಸ್ವಲ್ಪ ವಾಷಿಂಗ್ ಸೋಡಾ ಬೆರೆಸಿ, ಅರ್ಧ ಗಂಟೆ ನೆನೆಸಿ ಒಗೆಯುವುದು ಮೇಲು. ಮಡಿವಾಳರು ಬಟ್ಟೆಗೆ ಉಬ್ಬೆ ಹಾಕುತ್ತಿದ್ದರು; ಆವಿಯ ಶಾಖದಲ್ಲಿ ಜಿಡ್ಡು ಕರಗುತ್ತಿತ್ತು, ಹೇನು ತಿಗಣೆಗಳ ಮೊಟ್ಟೆಗಳೂ ನಾಶವಾಗುತ್ತಿದ್ದವು. ನುಸಿಯನ್ನು ಕೊಲ್ಲಲು 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರು ಬೇಕೆಂದು ಇಂದಿನ ವೈದ್ಯರು ಹೇಳುವಾಗ, ಉಬ್ಬೆಯ ಆ ಹಳೆಯ ಪದ್ಧತಿಗೆ ಹೊಸ ಪ್ರಮಾಣಪತ್ರ ದೊರೆತಂತಾಗಿದೆ. ತಿಂಗಳಿಗೊಮ್ಮೆ ನಿಲಯದ ದೊಡ್ಡ ಹಂಡೆಯಲ್ಲಿ ಗವುಸುಗಳನ್ನು ಕುದಿಸುವುದು ಕಷ್ಟದ ಕೆಲಸವೇನಲ್ಲ. ಬಿಳುಪಿನ ಆಸೆಯಿಂದ ಬ್ಲೀಚಿಂಗ್ ಪುಡಿಯನ್ನು ಕೈತುಂಬ ಸುರಿಯುವುದು ಮಾತ್ರ ತಪ್ಪು. ಅದರಿಂದ ನೂಲು ಕೊರೆದು ಬಟ್ಟೆ ಬೇಗ ಹರಿಯುತ್ತದೆ.

ಇನ್ನು ಒಳಗಿನ ತುಂಬುವಿಕೆ. ಇದರ ಸ್ವಭಾವವನ್ನು ಅರಿಯದೆ ಎಲ್ಲ ದಿಂಬುಗಳನ್ನೂ ಒಂದೇ ರೀತಿಯಲ್ಲಿ ನಡೆಸಿಕೊಳ್ಳುವುದರಿಂದಲೇ ಹೆಚ್ಚಿನ ನಷ್ಟವಾಗುತ್ತದೆ. ಹತ್ತಿಯು ತೇವವನ್ನು ಹೀರುವ ವಸ್ತು. ಹತ್ತಿಯ ದಿಂಬನ್ನು ಇಡಿಯಾಗಿ ನೀರಿನಲ್ಲಿ ಮುಳುಗಿಸಿದರೆ ಹತ್ತಿ ಉಂಡೆಗಟ್ಟುತ್ತದೆ. ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ನಿಂತು ನಾರುತ್ತದೆ. ಅದಕ್ಕೆ ಬಿಸಿಲು ಬೇಕು, ವರ್ಷ ಎರಡು ವರ್ಷಕ್ಕೊಮ್ಮೆ ಪಿಂಜಾರರ ಕೈ ಬೇಕು. ಪಿಂಜಾರರು ಅಥವಾ ನದಾಫರು ದಿಂಬಿನ ಹೊಲಿಗೆಯನ್ನು ಬಿಚ್ಚಿ, ಹತ್ತಿಯನ್ನು ಹೊರತೆಗೆದು ಬಿಸಿಲಿಗೆ ಹರಡಿ, ದೊಡ್ಡ ಬಿಲ್ಲಿನ ತಂತಿಯನ್ನು ಅದಕ್ಕೆ ತಾಗಿಸಿ ಮರದ ಕೊಡತಿಯಿಂದ ಮೀಟುತ್ತಾರೆ. ತಂತಿಯ ಕಂಪನಕ್ಕೆ ಗಂಟುಗಳು ಬಿಡಿಸಿಕೊಳ್ಳುತ್ತವೆ. ಧೂಳೂ ಮುರಿದ ಎಳೆಗಳೂ ಕೆಳಗುದುರುತ್ತವೆ. ಮುದ್ದೆಯಾಗಿದ್ದ ಹತ್ತಿಯು ಮತ್ತೆ ಮೋಡದಂತಾಗುತ್ತದೆ. ಅಷ್ಟರಲ್ಲಿ ಚೀಲವನ್ನು ಒಗೆದು ಒಣಗಿಸಿ, ಕಡಿಮೆಯಾದಷ್ಟು ಹೊಸ ಹತ್ತಿಯನ್ನು ಸೇರಿಸಿ ಮತ್ತೆ ತುಂಬಿ ಹೊಲಿದರೆ ಹಳೆಯ ದಿಂಬೇ ಹೊಸತಾಯಿತು. ಹೀಗೆ ನಡೆಸಿಕೊಂಡ ಹತ್ತಿಯ ದಿಂಬು ಹತ್ತಾರು ವರ್ಷ ಬಾಳುವುದು ಹಳ್ಳಿಯ ಮನೆಗಳಲ್ಲಿ ಸಾಮಾನ್ಯ ಸಂಗತಿಯಾಗಿತ್ತು. ಇಂದು ಬಿಲ್ಲಿನ ಸ್ಥಾನವನ್ನು ಬಹುಮಟ್ಟಿಗೆ ವಿದ್ಯುತ್ ಯಂತ್ರ ಆಕ್ರಮಿಸಿದೆ. ಓಣಿಯಲ್ಲಿ ಕೇಳಿಸುತ್ತಿದ್ದ ತಂತಿಯ ದನಿ ಅಪರೂಪವಾಗಿದೆ. ಆದರೆ ಕಸುಬು ಅಳಿದಿಲ್ಲ. ನಿಲಯಗಳು ಬೇಸಿಗೆಯ ರಜೆಯಲ್ಲಿ ವರ್ಷವರ್ಷವೂ ಈ ಕೆಲಸವನ್ನು ಅವರಿಗೆ ಒಪ್ಪಿಸಿದರೆ ದಿಂಬೂ ಉಳಿಯುತ್ತದೆ, ಕುಶಲಕರ್ಮಿಗಳ ಒಲೆಯೂ ಉರಿಯುತ್ತದೆ.

ಬೂರುಗದ ಅರಳೆಯ ರೀತಿಯೇ ಬೇರೆ. ಹಣ್ಣಾದೀತೆಂದು ಬೂರುಗದ ಕಾಯನ್ನು ಕಾದು ಕುಳಿತ ಗಿಳಿ ಕೊನೆಗೆ ಬರಿಯ ಅರಳೆಯನ್ನು ಕಂಡು ನಿರಾಶೆಗೊಂಡ ಕಥೆ ಪ್ರಸಿದ್ಧವಾಗಿದೆ. ಗಿಳಿಗೆ ನಿಷ್ಫಲವಾದುದೇ ಮನುಷ್ಯನ ತಲೆಗೆ ಸಫಲವಾಯಿತು. ಈ ಅರಳೆಯ ಎಳೆಗಳು ಒಳಗೆ ಪೊಳ್ಳಾಗಿ, ಮೇಲೆ ಮೇಣದ ಲೇಪವುಳ್ಳವಾಗಿ ಇರುವುದರಿಂದ ಹಗುರ. ನೀರನ್ನು ಸುಲಭವಾಗಿ ಹೀರುವುದಿಲ್ಲ. ಹಿಂದೆ ನೀರಿನಲ್ಲಿ ತೇಲುವ ರಕ್ಷಾಕವಚಗಳಿಗೂ ಇದನ್ನು ತುಂಬುತ್ತಿದ್ದರು. ಆದರೆ ಎಳೆಗಳು ಬಿರುಸು. ಬೆತ್ತದಿಂದ ಬಡಿದರೆ ಮುರಿದು ಪುಡಿಯಾಗುತ್ತವೆ. ಬೂರುಗದ ದಿಂಬಿಗೆ ಒತ್ತು ನೇಯ್ಗೆಯ ಗಟ್ಟಿ ಚೀಲವಿರಬೇಕು; ಅದನ್ನು ಬಡಿಯದೆ, ಒಗೆಯದೆ, ಕೈಯಿಂದ ಮೆಲ್ಲಗೆ ಅದುಮಿ ಬಿಡಿಸಿ ಎಳೆಬಿಸಿಲಿಗೆ ಇಡಬೇಕು. ಬೆಂಕಿಯಿಂದ ದೂರವಿರಿಸಬೇಕು, ಏಕೆಂದರೆ ಅದು ಕ್ಷಣಮಾತ್ರದಲ್ಲಿ ಹೊತ್ತಿಕೊಳ್ಳುವ ವಸ್ತು.

ಇತ್ತೀಚೆಗೆ ದಾನರೂಪವಾಗಿ ಬರುತ್ತಿರುವ ದಿಂಬುಗಳಲ್ಲಿ ಪಾಲಿಯೆಸ್ಟರ್ ನಾರಿನವೇ ಹೆಚ್ಚು. ಅವುಗಳನ್ನು ಇಡಿಯಾಗಿ ಒಗೆಯಬಹುದೆಂಬುದು ದೊಡ್ಡ ಗುಣ. ಬೇಗನೆ ಚಪ್ಪಟೆಯಾಗುತ್ತವೆ, ಮತ್ತೆ ಹಿಂಜಿ ತುಂಬಲು ಬರುವುದಿಲ್ಲ ಎಂಬುದು ದೊಡ್ಡ ದೋಷ. ನಡುವೆ ಮಡಿಸಿ ಕೈಬಿಟ್ಟಾಗ ತಾನಾಗಿ ಬಿಚ್ಚಿಕೊಳ್ಳದಿದ್ದರೆ ಅದರ ಆಯುಷ್ಯ ಮುಗಿಯಿತೆಂದೇ ಅರ್ಥ. ಆಮೇಲೆ ಅದು ಮಣ್ಣಿನಲ್ಲಿ ಕರಗದ ಕಸ. ಫೋಮಿನ ದಿಂಬನ್ನಂತೂ ಹಿಂಡಬಾರದು, ಸುಡುಬಿಸಿಲಿಗೆ ಒಡ್ಡಬಾರದು. ಒದ್ದೆಬಟ್ಟೆಯಿಂದ ಒರೆಸಿ ನೆರಳಿನ ಗಾಳಿಯಲ್ಲಿ ಆರಿಸಬೇಕು. ಅಗ್ಗವೆಂದು ಕೊಂಡು, ಕೆಟ್ಟರೆ ಎಸೆದು, ಮತ್ತೆ ಕೊಳ್ಳುವುದೇ ಜಾಣತನವೆಂಬ ಭಾವನೆ ವ್ಯಾಪಾರಕ್ಕೆ ಹೊಂದೀತು, ವಿದ್ಯಾಲಯಕ್ಕೆ ಹೊಂದದು. ಮಕ್ಕಳು ಪಾಠಗಳಿಂದ ಕಲಿಯುವುದಕ್ಕಿಂತ ಸುತ್ತಲಿನ ವಸ್ತುಗಳನ್ನು ಹಿರಿಯರು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದರಿಂದ ಹೆಚ್ಚು ಕಲಿಯುತ್ತಾರೆ.

ಬಯಲುಸೀಮೆಗೆ ದೇವರು ಕೊಟ್ಟ ದೊಡ್ಡ ಔಷಧಾಲಯ ಬಿಸಿಲು. ಹದಿನೈದು ದಿನಕ್ಕೊಮ್ಮೆ ಹತ್ತಿಯ ದಿಂಬುಗಳನ್ನು ಗವುಸು ಕಳಚಿ, ಚಾಪೆಯ ಮೇಲೆ ಸಾಲಾಗಿ ಇಟ್ಟು, ಮಧ್ಯಾಹ್ನ ಮಗ್ಗುಲು ತಿರುಗಿಸಿ, ಹೊತ್ತು ಇಳಿಯುವ ಮುನ್ನ ಒಳಗೆ ತಂದರೆ ತೇವವು ಹೋಗುತ್ತದೆ; ತೇವ ಹೋದಲ್ಲಿ ಬೂಷ್ಟೂ ನುಸಿಯೂ ಬಾಳಲಾರವು. ಧೂಳನ್ನು ಬಡಿಯುವಾಗ ಗಾಳಿಗೆ ಬೆನ್ನು ಮಾಡಿ ನಿಲ್ಲಬೇಕು. ಉಬ್ಬಸವಿರುವ ಮಕ್ಕಳನ್ನು ಆ ಕೆಲಸಕ್ಕೆ ಹಚ್ಚಬಾರದು. ಮಲೆನಾಡಿನ ಮಳೆಗಾಲದಲ್ಲಿ ಸೂರ್ಯನ ಮುಖ ಕಾಣುವುದೇ ದುರ್ಲಭ; ಅಲ್ಲಿ ಅಡಿಗೆಮನೆಯ ಬಿಸಿ ತಾಗುವ ಅಟ್ಟವೇ ಗತಿ. ಬೇಸಿಗೆಯ ರಜೆಗೆ ಮುನ್ನ ಚೆನ್ನಾಗಿ ಒಣಗಿಸಿ, ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ, ಒಣಗಿದ ಬೇವಿನ ಎಲೆಗಳನ್ನು ನಡುವೆ ಹರಡಿ, ನೆಲದಿಂದ ಮೇಲೆ ಹಲಗೆಯ ಮೇಲೆ ಇಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿದರೆ ಒಳಗುಳಿದ ತೇವ ಹೊರಬರಲಾರದೆ ದಿಂಬನ್ನೇ ಕೊಳೆಯಿಸುತ್ತದೆ.

ಇಷ್ಟೆಲ್ಲವನ್ನೂ ಮಾಡುವವರಾರು? ಓದುವ ಮಕ್ಕಳ ಕಾಲವನ್ನು ಇಂತಹ ಕೆಲಸಗಳಿಗೆ ವ್ಯಯಮಾಡಬಾರದೆಂದು ಕೆಲವು ತಂದೆತಾಯಂದಿರು ಹೇಳುತ್ತಾರೆ. ವಾರಕ್ಕೆ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸದಿಂದ ಪರೀಕ್ಷೆಯ ಅಂಕಗಳು ಕುಂದಲಾರವು. ಶರಣರ ಬಟ್ಟೆಗಳನ್ನು ಮಡಿಮಾಡುವುದನ್ನೇ ಕಾಯಕವನ್ನಾಗಿ ಸ್ವೀಕರಿಸಿದ ಮಡಿವಾಳ ಮಾಚಿದೇವರನ್ನು ಹನ್ನೆರಡನೆಯ ಶತಮಾನದ ಮಹಾಪುರುಷರ ಸಾಲಿನಲ್ಲಿ ನಿಲ್ಲಿಸಿ ಗೌರವಿಸುವ ನಾಡಿನಲ್ಲಿ, ತನ್ನ ತಲೆಯ ಕೊಳೆಯನ್ನು ತಾನು ಒಗೆಯುವುದು ಕೀಳೆಂಬ ಭಾವನೆ ಬರಬಾರದು. ಪ್ರತಿ ದಿಂಬಿಗೂ ಒಂದು ಅಂಕೆ, ಪ್ರತಿ ಅಂಕೆಗೂ ಒಬ್ಬ ಬಾಲಕ, ವರ್ಷದ ಕೊನೆಯಲ್ಲಿ ಅದನ್ನು ಶುಚಿಯಾಗಿ ಒಪ್ಪಿಸುವ ಹೊಣೆ. ಹೀಗೆ ಮಾಡಿದರೆ ಯಾರದೂ ಅಲ್ಲದ ದಿಂಬಿಗೆ ಒಡೆಯನೊಬ್ಬ ದೊರೆಯುತ್ತಾನೆ. ಆದರೆ ಕುದಿಯುವ ಹಂಡೆಯ ಕೆಲಸ ದೊಡ್ಡವರದೇ ಆಗಿರಬೇಕು. ರಾತ್ರಿ ಹಾಸಿಗೆಯಲ್ಲಿ ಮೂತ್ರವಾಗುವ ಎಳೆಯರ, ಕಜ್ಜಿ ಹೇನುಗಳಿಂದ ಬಳಲುವವರ ಹಾಸಿಗೆ ದಿಂಬುಗಳನ್ನು ಬೇರೆಯಾಗಿ, ಸದ್ದಿಲ್ಲದೆ ಬದಲಿಸುವ ಸೂಕ್ಷ್ಮತೆಯೂ ನಿಲಯಪಾಲಕರಲ್ಲಿ ಇರಬೇಕು. ಶುಚಿತ್ವದ ಹೆಸರಿನಲ್ಲಿ ಮಗುವನ್ನು ನಾಲ್ವರ ಮುಂದೆ ನಾಚಿಸುವುದು ಕೊಳೆಗಿಂತ ಹೀನವಾದುದು.

ಕೊನೆಯದಾಗಿ ದಾನಿಗಳ ಮತ್ತು ಹಳೆಯ ವಿದ್ಯಾರ್ಥಿಗಳ ಅವಗಾಹನೆಗೆ ಒಂದು ಲೆಕ್ಕ. 100 ಮಕ್ಕಳ ನಿಲಯಕ್ಕೆ 100 ದಿಂಬುಗಳು ಸಾಕು. ಆದರೆ ಅವಕ್ಕೆ 300 ಮೇಲುಗವುಸುಗಳು, 200 ಒಳಗವುಸುಗಳು ಬೇಕು. ಸಾಬೂನು ಬೇಕು, ಕಟ್ಟಿಗೆ ಬೇಕು, ವರ್ಷಕ್ಕೊಮ್ಮೆ ಪಿಂಜಾರರಿಗೂ ದರ್ಜಿಗಳಿಗೂ ಕೂಲಿ ಬೇಕು. ದಿಂಬಿನ ದಾನ ಕಣ್ಣಿಗೆ ಕಾಣುತ್ತದೆ, ಅದಕ್ಕೆ ವೇದಿಕೆಯಿದೆ, ಹಾರವಿದೆ, ಛಾಯಾಚಿತ್ರವಿದೆ. ಗವುಸು ಸಾಬೂನುಗಳ ದಾನಕ್ಕೆ ಇವಾವುವೂ ಇಲ್ಲ. ಆದುದರಿಂದಲೇ ನಾಲ್ಕು ವರ್ಷಗಳಿಗೊಮ್ಮೆ ಹೊಸ ದಿಂಬುಗಳು ಬರುತ್ತವೆ, ಹಳೆಯವು ತಿಪ್ಪೆ ಸೇರುತ್ತವೆ. ನೂರು ದಿಂಬುಗಳನ್ನು ಕೊಡಬಯಸುವವರು ಐವತ್ತನ್ನು ಕೊಟ್ಟು, ಉಳಿದ ಹಣವನ್ನು ದತ್ತಿಯಾಗಿ ಇರಿಸಿ, ಅದರ ಬಡ್ಡಿಯಿಂದ ಪಾಲನೆ ನಡೆಯುವಂತೆ ಮಾಡಿದರೆ ಆ ಐವತ್ತು ದಿಂಬುಗಳೇ ನೂರಕ್ಕೂ ಹೆಚ್ಚು ಮಕ್ಕಳಿಗೆ ಒಂದರ ನಂತರ ಒಂದು ವರ್ಷ ಹಿತವನ್ನೀಯುವುವು. ಕೆರೆಯನ್ನು ಕಟ್ಟಿಸಿದವರು ಅದರ ಹೂಳೆತ್ತುವುದಕ್ಕೂ ಭೂಮಿಯನ್ನು ಬಿಟ್ಟ ಉದಾಹರಣೆಗಳು ಕರ್ನಾಟಕದ ಶಾಸನಗಳಲ್ಲಿವೆ. ಕೆರೆಗೆ ಸಲ್ಲುವ ಈ ವಿವೇಕ ತಲೆದಿಂಬಿಗೂ ಸಲ್ಲುತ್ತದೆ.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ಗಾದೆ ಹೇಳುತ್ತದೆ. ಹಾಸಿಗೆ ಎಷ್ಟೇ ಚಿಕ್ಕದಿರಲಿ, ಅದರ ತಲೆಯ ಕಡೆಗೆ ಒಗೆದ ಗವುಸಿನ, ಬಿಸಿಲುಂಡ ಒಂದು ದಿಂಬಿರುವುದು ಬಡವರ ಮಕ್ಕಳಿಗೂ ನಿಲುಕಬೇಕಾದ ಸಿರಿ. ಅದಕ್ಕೆ ಬೇಕಾದುದು ಹೆಚ್ಚಿನ ಹಣವಲ್ಲ; ಮೂರು ಗವುಸು, ಒಂದು ಹಂಡೆ, ಹದಿನೈದು ದಿನಕ್ಕೊಮ್ಮೆ ಬಿಸಿಲು, ವರ್ಷಕ್ಕೊಮ್ಮೆ ಪಿಂಜಾರರ ಬಿಲ್ಲು, ಮತ್ತು ಇದು ತಮ್ಮ ಕೆಲಸವೆಂದು ತಿಳಿಯುವ ಹಿರಿಯರ ಮನಸ್ಸು.